ಯಂತ್ರ ವೇಲ್ಸಿನಲ್ಲಿ, ಓಟಿಪಿ ಹತ್ತರಗಿಯಲ್ಲಿ

ಹೊರದೇಶಕ್ಕೆ ಹೋಗಿ ಬಂದ ಮೇಲೆ ಘಟಪ್ರಭಾದ ನನ್ನ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಬಂದವರೆಲ್ಲ ಒಂದೇ ಕೇಳಿದರು: ಏನೇನು ನೋಡಿದಿ? ನಾನು ನೋಡಿದ್ದು ಒಂದು ತಗಡಿನ ಶೆಡ್ಡು, ಅದರೊಳಗೆ ಒಂದು ಹಳೆಯ ಯಂತ್ರ, ಒಬ್ಬ ಅಜ್ಜಿ, ಒಂದು ಗೋಡೆ ಗಡಿಯಾರ. ಎಂಟು ದಿನದ ಪ್ರವಾಸದಲ್ಲಿ ಐದು ದಿನ ಇಷ್ಟನ್ನೇ ನೋಡಿದೆ. ಲಂಡನ್ನಿನ ದೊಡ್ಡ ಗಡಿಯಾರ ನೋಡಲಿಲ್ಲವೇ ಎಂದವರಿಗೆ, ಆ ಗೋಡೆ ಗಡಿಯಾರ ನೋಡಿಯೇ ಸಾಕಾಯಿತು ಎಂದಿದ್ದೇನೆ. ಯಾಕೆ ಸಾಕಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಜೇಬಿನಲ್ಲಿ ಕಾರ್ಡು ಇಟ್ಟುಕೊಂಡು ಪರದೇಶದಲ್ಲಿ ದೊಡ್ಡ ಸಾಮಾನು ಕೊಳ್ಳಲು ಹೊರಟವರಿಗೆ ಉಪಯೋಗವಾದರೆ ಆಗಲಿ.

ಮೂಡಲಗಿ

ನಮ್ಮದು ಕುರಿ ಕಾಯುವ ಮನೆತನ. ಅಣ್ಣ ಲಕ್ಕಪ್ಪ ಈಗಲೂ ಹಿಂಡಿನ ಹಿಂದೆ ನಡೆಯುತ್ತಾನೆ. ನಾನು ಹತ್ತನೆಯ ಇಯತ್ತೆ ಮುಗಿಸಿ, ನಾಲ್ಕು ವರ್ಷ ಅವನ ಜೊತೆ ನಡೆದು, ಆಮೇಲೆ ನಟ್ಟು ಬಿಚ್ಚುವ ಪಾನೆ ಹಿಡಿದು ಘಟಪ್ರಭಾ ಸೇರಿದವನು. ಮನೆ ಗೋಕಾಕದಲ್ಲಿ. ನಮ್ಮ ಕುರಿಗಳು ಕರಿಯವು, ಮೈತುಂಬ ಉಣ್ಣೆ ಇರುವವು. ವರ್ಷಕ್ಕೆರಡು ಸಲ ಕತ್ತರಿಸಿದ ಉಣ್ಣೆ ಮೂಡಲಗಿಯ ಇಮಾಮಸಾಬ ಕಾಕಾನ ಮನೆಗೆ ಹೋಗುತ್ತಿತ್ತು. ಕಾಕಾ ಪಿಂಜಾರರು. ತಮ್ಮ ದೊಡ್ಡ ಬಿಲ್ಲಿನ ನಾರಿಯನ್ನು ಬಡಿದು ಬಡಿದು ಉಣ್ಣೆ ಹಿಂಜಿ ಕೊಡುತ್ತಿದ್ದರು. ಹಿಂಜಿದ್ದನ್ನು ಹೆಂಗಸರು ನೂಲುತ್ತಿದ್ದರು, ಅದು ಕಂಬಳಿಯಾಗುತ್ತಿತ್ತು.

ಎರಡು ವರ್ಷದ ಹಿಂದೆ ಧೂಳಿನಿಂದ ಕಾಕಾನ ಎದೆ ಕೆಟ್ಟಿತು. ಇನ್ನು ಬಿಲ್ಲು ಮುಟ್ಟಬೇಡಿ ಎಂದು ಡಾಕ್ಟರರು ಹೇಳಿದರು. ಹಿಂಜುವವರು ಬೇರೆ ಯಾರೂ ಉಳಿದಿರಲಿಲ್ಲ. ಹಿಂಜದ ಉಣ್ಣೆಯನ್ನು ನೂಲಲು ಬರುವುದಿಲ್ಲ. ಹೋದ ವರ್ಷ ಅಣ್ಣ ಕತ್ತರಿಸಿದ ಉಣ್ಣೆಯನ್ನೆಲ್ಲ ಹೊಲದ ಬೇಲಿಗೆ ಒಗೆದ. ಒಗೆದು ನನಗೆ ಫೋನು ಮಾಡಿ ಹೇಳಿದ: "ಮುಂದಿನ ಹಂಗಾಮಿಗೂ ಹಿಂಗ ಆತು ಅಂದ್ರ ಈ ಕರೇ ಕುರಿ ಎಲ್ಲಾ ಕೊಟ್ಟು ಕೆಂಪು ಕುರಿ ತರ್ತೇನಿ. ಅವಕ್ಕ ಉಣ್ಣಿನ ಇಲ್ಲ, ಚಿಂತಿನೂ ಇಲ್ಲ."

ಅಣ್ಣ ಸಿಟ್ಟಿನಿಂದ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಅವನು ಬೇಸಾಯದ ಲೆಕ್ಕ ಹೇಳುವ ಹಾಗೆ ಹೇಳಿದ. ಅಪ್ಪ, ಅಜ್ಜ ಸಾಕಿದ ಹಿಂಡು ಅದು. ಅಂದಿನಿಂದ ನಾನು ಫೋನಿನಲ್ಲಿ ಹಿಂಜುವ ಯಂತ್ರ ಹುಡುಕತೊಡಗಿದೆ. ಇಲ್ಲಿ ಸಿಗುವವು ಒಂದೋ ಕಾರ್ಖಾನೆಯಷ್ಟು ದೊಡ್ಡವು, ಇಲ್ಲವೇ ನಮ್ಮ ಗಡುಸು ಉಣ್ಣೆಗೆ ಹಲ್ಲು ಮುರಿಯುವವು. ಕೊನೆಗೆ ಬ್ರಿಟನ್ನಿನ ವೇಲ್ಸ್ ಎಂಬ ಗುಡ್ಡಗಾಡಿನಲ್ಲಿ ಒಬ್ಬ ಅಜ್ಜಿ ತನ್ನ ಗಂಡನ ಚಿಕ್ಕ ಯಂತ್ರವನ್ನು ಮಾರಲಿಟ್ಟದ್ದು ಕಂಡಿತು. ಒಂದು ಕೋಣೆಯಲ್ಲಿ ಹಿಡಿಯುವಂಥದ್ದು. ಇಮಾಮಸಾಬ ಕಾಕಾಗೆ ವಿಡಿಯೋ ತೋರಿಸಿದೆ. ಐದು ಸಲ ನೋಡಿದರು.

"ವಿಡಿಯೋದಾಗ ಎಲ್ಲಾ ಚೊಲೋನ ಕಾಣ್ತೈತಿ, ಮಾರುತಿ," ಎಂದರು. "ಹೋಗಿ ಕೈಯಾಡಿಸಿ ನೋಡು. ಹಲ್ಲು ಸವದಿದ್ರ ತರಬ್ಯಾಡ. ನಮ್ಮ ಉಣ್ಣಿ ಹಾಕಿ ನೋಡು, ಮೋಡದಂಗ ಹೊರಗ ಬರಬೇಕ." ಹೀಗೆ ಹೇಳಿ ಒಂದು ಸಣ್ಣ ಚೀಲದಲ್ಲಿ ಕರಿ ಉಣ್ಣೆ ತುಂಬಿ ಕೊಟ್ಟರು.

ಬೆನ್ನಿನ ಮೇಲೆ ಕೈಯಾಡಿಸದೆ ನಾವು ಕುರಿ ಕೊಳ್ಳುವುದಿಲ್ಲ. ಯಂತ್ರ ಯಾಕೆ ಕೊಳ್ಳಬೇಕು? ಪಾಸ್‌ಪೋರ್ಟು ಮಾಡಿಸಿದೆ.

ಹಣದ ಚಿಂತೆ ಇರಲಿಲ್ಲ. ಹತ್ತರಗಿ ಹತ್ತಿರದ ನಮ್ಮ ಹೊಲದ ಒಂದು ಪಟ್ಟಿ ಹೈವೇಗೆ ಹೋಗಿ ಪರಿಹಾರ ಬಂದಿತ್ತು. ಅದು ನನ್ನ ಮತ್ತು ಅಣ್ಣನ ಜಂಟಿ ಖಾತೆಯಲ್ಲಿತ್ತು. ಖಾತೆ ತೆರೆಯುವಾಗ ಫೋನ್ ನಂಬರು ಯಾರದು ಎಂದು ಕೇಳಿದ್ದರು. ನಮ್ಮಲ್ಲಿ ಇಂಥದ್ದೆಲ್ಲ ಹಿರಿಯನ ನಂಬರಿಗೇ ಹೋಗುತ್ತದೆ. ರೇಶನ್ ಕಾರ್ಡು, ಕರೆಂಟಿನ ಬಿಲ್ಲು, ಗೋಕಾಕದ ನನ್ನ ಮನೆಯ ಗ್ಯಾಸು ಸಹ ಅಣ್ಣನ ಗುಂಡಿ ಫೋನಿಗೇ ಕಟ್ಟಿದ್ದವು. ಸಿಲಿಂಡರ್ ಬಾಗಿಲಿಗೆ ಬಂದರೆ ನನ್ನ ಹೆಂಡತಿ ಸುನಂದಾ ಗುಡ್ಡದ ಮೇಲಿರುವ ಅಣ್ಣನಿಗೆ ಫೋನು ಹಚ್ಚಿ ನಂಬರು ಕೇಳಬೇಕಿತ್ತು.

ಹೋದ ವರ್ಷ ಯಾರೋ ಬ್ಯಾಂಕಿನವರೆಂದು ಹೇಳಿ ಅಣ್ಣನಿಂದ ಆರು ಅಂಕಿ ಹೇಳಿಸಿಕೊಂಡರು. ಅವನ ಸ್ವಂತ ಖಾತೆಯಿಂದ ಎರಡು ಟಗರಿನ ರೊಕ್ಕ ಹೋಯಿತು. ಹುಕ್ಕೇರಿಯ ಬ್ಯಾಂಕಿಗೆ ಅವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಸಾಹೇಬರು ಅರ್ಧ ತಾಸು ಬುದ್ಧಿ ಹೇಳಿದರು. ಅಂದಿನಿಂದ ಅಣ್ಣ ಗ್ಯಾಸಿನ ನಂಬರನ್ನೂ ಹೇಳುವುದು ಬಿಟ್ಟ. ಸುನಂದಾ ಎರಡು ದಿನ ಒಲೆ ಹೊತ್ತಿಸದೆ ಕೂತಳು. ಗ್ಯಾಸನ್ನು ನನ್ನ ನಂಬರಿಗೆ ಬದಲಿಸಿಕೊಂಡೆ. ಜಂಟಿ ಖಾತೆಯದೂ ಬದಲಿಸಬೇಕು ಅಂದುಕೊಂಡೆ, ಬದಲಿಸಲಿಲ್ಲ. ಈ ಕಥೆಯಲ್ಲಿ ತಪ್ಪು ಅಂತ ಇದ್ದರೆ ಅದು ಇದೊಂದೇ, ಅದೂ ನನ್ನದೇ.

ವಿಮಾನ ನಿಲ್ದಾಣ

ಕಾಕಾ ಕೊಟ್ಟ ಉಣ್ಣೆ ಅಲ್ಲಿಯ ವಿಮಾನ ನಿಲ್ದಾಣದ ಹೊರಬಾಗಿಲು ದಾಟಲಿಲ್ಲ. ಹೇಳಬೇಕಾದ ಸಾಮಾನು ಇದ್ದವರು ಈ ಕಡೆ ಬನ್ನಿ ಎಂಬ ಫಲಕ ಕಂಡು, ಪ್ರಾಮಾಣಿಕನಾಗಿ ಆ ಕಡೆಗೇ ಹೋದೆ. ಒಬ್ಬ ಅಧಿಕಾರಿಣಿ ಕೈಗವಸು ಹಾಕಿಕೊಂಡು ಚೀಲ ಬಿಚ್ಚಿದಳು. ಬಗ್ಗಿ ಮೂಸಿದಳು. ಕುರಿಯ ವಾಸನೆ ಯಾವ ದೇಶದಲ್ಲೂ ಕುರಿಯ ವಾಸನೆಯೇ.

"ಇದೇನು?" ಎಂದು ಕೇಳಿದಳು.

"ನಮ್ಮ ಅಣ್ಣನ ಕುರಿ," ಎಂದೆ. ನನ್ನ ಇಂಗ್ಲಿಷಿನಲ್ಲಿ ಉಣ್ಣೆ ಎಂಬ ಶಬ್ದ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಅವಳು ಚೀಲವನ್ನೂ ನನ್ನನ್ನೂ ನೋಡಿದಳು. ತೊಳೆಯದ ಉಣ್ಣೆ ಒಳಗೆ ಬರುವಂತಿಲ್ಲ, ಕಾಯಿಲೆ ಬರಬಹುದು ಎಂದು ಸಾವಕಾಶ ತಿಳಿಸಿ, ಹಳದಿ ಡಬ್ಬಿಯಲ್ಲಿ ಹಾಕಿದಳು. ನನಗೆ ನೋವಾಯಿತು. ಒಂದು ಹಿಡಿ ಉಣ್ಣೆಗೆ ಯಾಕಷ್ಟು ನೋವು ಎಂದು ನೀವು ಕೇಳಬಹುದು. ಕಾಕಾ ಅದನ್ನು ಕೆಮ್ಮುತ್ತಲೇ ಆರಿಸಿ ತುಂಬಿದ್ದರು. ಆದರೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಹಿಂಡಿಗೂ ಹೊರಗಿನ ಕುರಿ ಬಂದರೆ ಅಣ್ಣ ನಾಲ್ಕು ದಿನ ಬೇರೆಯೇ ಕಟ್ಟುತ್ತಾನೆ.

ಬಸ್ಸು

ಊರು ಮುಟ್ಟಲು ಒಂದು ರೈಲು, ಎರಡು ಬಸ್ಸು. ಎರಡನೆಯ ಬಸ್ಸಿನಲ್ಲಿ ಏಳೆಂಟು ಜನ ಇದ್ದರು. ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ಅವನೂ ಪ್ರತಿಯೊಬ್ಬರಿಗೂ ಉತ್ತರ ಕೊಡುತ್ತಿದ್ದ. ಘಟಪ್ರಭಾ ಸ್ಟ್ಯಾಂಡಿನಲ್ಲಿ ನಾನು ಹೀಗೆ ಹೇಳಿದರೆ, ಏನಾತೋ ಮಾರುತಿ, ಜ್ವರ ಬಂದೈತೇನು ಎಂದು ಚಾಲಕ ಕೇಳುತ್ತಾನೆ. ಇಳಿಯುವಾಗ ನಾನೂ ಹೇಳಿದೆ. ಚಾಲಕ ನನ್ನ ಚೀಲ ಇಳಿಸಿಕೊಟ್ಟ.

ದಾರಿಯುದ್ದಕ್ಕೂ ಗುಡ್ಡದ ಮೇಲೆ ಕುರಿಗಳು. ಬೆನ್ನಿಗೆ ನೀಲಿ, ಕೆಂಪು ಬಣ್ಣದ ಗುರುತು. ನಾವೂ ಹಾಗೇ ಹಚ್ಚುತ್ತೇವೆ, ಹಿಂಡುಗಳು ಬೆರೆತರೆ ಬೇರ್ಪಡಿಸಲು. ಆದರೆ ಮೂರು ತಾಸಿನ ದಾರಿಯಲ್ಲಿ ಕುರಿಯ ಹಿಂದೆ ಒಬ್ಬನೇ ಒಬ್ಬ ಮನುಷ್ಯ ಕಾಣಲಿಲ್ಲ. ಕಲ್ಲಿನ ಗೋಡೆ, ತಂತಿಯ ಬೇಲಿ, ಒಳಗೆ ಕುರಿ. ತಾವೇ ಮೇಯುತ್ತವೆ, ತಾವೇ ಮಲಗುತ್ತವೆ. ನೋಡಿ ಹೊಟ್ಟೆಕಿಚ್ಚೂ ಆಯಿತು, ಏನೋ ಕಡಿಮೆ ಇದೆ ಅಂತಲೂ ಅನಿಸಿತು.

ಶೆಡ್ಡು

ಅಜ್ಜಿಯ ಹೆಸರು ಗ್ವೆನ್. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಎರಡನೆಯ ದಿನಕ್ಕೆ ಅವರು ನನಗೆ ಗ್ವೆನ್ ಆಯಿ ಆದರು. ಎಪ್ಪತ್ತೈದು ದಾಟಿದ್ದರೂ ಗುಡ್ಡ ಹತ್ತುವಾಗ ನನಗಿಂತ ಮುಂದೆ. ಜೊತೆಗೆ ಒಂದು ಮುದಿ ನಾಯಿ. ಅದು ಒಂದು ಕಾಲದಲ್ಲಿ ಕುರಿ ತಿರುಗಿಸುತ್ತಿತ್ತಂತೆ. ಈಗ ಮೇಜಿನ ಕೆಳಗೆ ಮಲಗಿರುತ್ತದೆ, ಕರೆದರೂ ಏಳುವುದಿಲ್ಲ.

ಯಂತ್ರದ ಮೇಲಿನ ತಾಡಪತ್ರಿ ತೆಗೆದಾಗ ನನ್ನೊಳಗಿನ ಮೆಕ್ಯಾನಿಕ್ಕು ಎದ್ದು ಕೂತ. ಒಂದರ ಮೇಲೊಂದು ಉರುಳೆಗಳು, ಉರುಳೆಯ ಮೈತುಂಬ ಸಣ್ಣ ತಂತಿಯ ಹಲ್ಲುಗಳು. ಅಂಗೈ ಇಟ್ಟು ಸಾವಕಾಶ ತಿರುಗಿಸಿದೆ. ಹಲ್ಲುಗಳು ಚುಚ್ಚಿದವು. ಸವೆದ ಹಲ್ಲು ಹಾಗೆ ಚುಚ್ಚುವುದಿಲ್ಲ. ಬೇರಿಂಗು ಮಾತ್ರ ಹಳತಾಗಿದ್ದವು. ಬೇರಿಂಗು ನನಗೇನು ದೊಡ್ಡ ಮಾತಲ್ಲ.

ನಮ್ಮ ಉಣ್ಣೆ ವಿಮಾನ ನಿಲ್ದಾಣದಲ್ಲಿ ಉಳಿಯಿತೆಂದು ಹೇಳಿದಾಗ ಆಯಿ ಬಹಳ ಹೊತ್ತು ನಕ್ಕರು. ಆಮೇಲೆ ಒಂದು ಗೋಣಿಚೀಲ ಎಳೆದು ತಂದರು. ಅದರಲ್ಲಿ ಕರಿ ಉಣ್ಣೆ ಇತ್ತು. ಅವರ ಗುಡ್ಡದಲ್ಲೂ ಕರಿಯ ಕುರಿಗಳ ತಳಿಯೊಂದಿದೆ. ಹಿಡಿದು ನೋಡಿದರೆ ನಮ್ಮದಕ್ಕಿಂತ ಒಂದು ಕೂದಲು ಮೆತ್ತಗೆ, ಅಷ್ಟೇ. ಯಂತ್ರದ ಬಾಯಿಗೆ ಹಾಕಿ ತಿರುಗಿಸಿದೆವು. ಆ ಕಡೆ ಉಣ್ಣೆ ಪದರು ಪದರಾಗಿ ಇಳಿಯಿತು. ಕಾಕಾ ಹೇಳಿದ ಮೋಡವನ್ನು ನನ್ನ ಕಣ್ಣಾರೆ ಕಂಡೆ. ವಿಡಿಯೋ ಮಾಡಿ ಕಾಕಾಗೆ ಕಳಿಸಿದೆ. "ಬಿಡಬ್ಯಾಡ" ಎಂದಷ್ಟೇ ಉತ್ತರ ಬಂತು.

ಬೆಲೆಯ ಮಾತು ಬಂದಾಗ ನಾನು ಒಂದು ಕೆಲಸ ಮಾಡಿದೆ. ಕುರಿ ಸಂತೆಯಲ್ಲಿ ನಾವು ದರವನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಚೌಕಾಶಿ ಮಾಡುತ್ತೇವೆ. ಖುಷಿಯಲ್ಲಿ ಮೈಮರೆತು ಹೆಗಲ ಮೇಲಿನ ಟವೆಲ್ಲನ್ನು ಬಲಗೈ ಮೇಲೆ ಹಾಕಿಕೊಂಡು ಆಯಿಯ ಮುಂದೆ ಚಾಚಿದೆ. ಅವರ ಮುಖ ಗಂಭೀರವಾಯಿತು. ಒಳಗೆ ಹೋಗಿ ಔಷಧದ ಪೆಟ್ಟಿಗೆ ತಂದರು. ಹಲ್ಲು ಚುಚ್ಚಿ ರಕ್ತ ಬಂದಿದೆ, ಮುಚ್ಚಿಕೊಂಡಿದ್ದಾನೆ ಎಂದು ಅವರು ತಿಳಿದಿದ್ದರು. ವಿವರಿಸಿ ಹೇಳಿದ ಮೇಲೆ, ಬೆರಳು ಹಿಡಿಯುವುದು ಬೇಡ, ಹೇಳಿದ ಬೆಲೆಯೇ ಬೆಲೆ ಎಂದರು. ಅದು ನ್ಯಾಯದ ಬೆಲೆಯೂ ಆಗಿತ್ತು.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಟ್ಟರು. ಇನ್ನೊಬ್ಬ ಗಿರಾಕಿ ಇದ್ದಾನೆ. ಅವನು ಹೋಟೆಲು ಕಟ್ಟುತ್ತಿದ್ದಾನೆ, ಯಂತ್ರವನ್ನು ಒಯ್ದು ಬಾಗಿಲ ಹತ್ತಿರ ಅಂದಕ್ಕೆ ನಿಲ್ಲಿಸುತ್ತಾನಂತೆ. ನೀನು ಮೊದಲು ಕೇಳಿದವನು, ಗುರುವಾರ ಮಧ್ಯಾಹ್ನ ಮೂರರವರೆಗೆ ನಿನ್ನದು. ಅಷ್ಟರೊಳಗೆ ಪೂರ್ತಿ ಹಣ ಬರದಿದ್ದರೆ ಅವನದು. ಅವನಿಗೆ ಹಾಗೆ ಮಾತು ಕೊಟ್ಟಿದ್ದೇನೆ ಎಂದರು.

ಗುರುವಾರ

ಬೆಳಿಗ್ಗೆ ಹನ್ನೊಂದಕ್ಕೆ ನಾನು ಸ್ನಾನ ಮಾಡಿ, ಹಣೆಗೆ ದೇವರ ಅರಿಸಿನದ ಭಂಡಾರ ಹಚ್ಚಿ ಶೆಡ್ಡಿಗೆ ಹೋದೆ. ಆಯಿಯ ಬಳಿ ಅಂಗೈಯಗಲದ ಕಾರ್ಡು ಮಷೀನು ಇತ್ತು. ಸಂತೆಗಳಲ್ಲಿ ನೂಲು ಮಾರುವಾಗ ಬಳಸುತ್ತಿದ್ದರು. ಜಂಟಿ ಖಾತೆಯ ಕಾರ್ಡು ಹಾಕಿದೆ, ಗುಪ್ತ ಸಂಖ್ಯೆ ಒತ್ತಿದೆ. ಮಷೀನು ಯೋಚಿಸಿತು, ಆಗುವುದಿಲ್ಲ ಎಂದಿತು. ಮತ್ತೆ ಹಾಕಿದೆ. ಮತ್ತೆ ಅದೇ.

ಖಾತೆಯಲ್ಲಿ ಹಣ ಇತ್ತು. ಆದರೆ ಹೊರದೇಶದಲ್ಲಿ ಒಂದು ದಿನಕ್ಕೆ ಇಷ್ಟೇ ಖರ್ಚು ಮಾಡಬಹುದು ಎಂದು ಕಾರ್ಡಿಗೆ ಒಂದು ಮಿತಿ ಇರುತ್ತದೆ. ನಾನು ಬ್ಯಾಲೆನ್ಸು ನೋಡಿದ್ದೆ, ಮಿತಿ ನೋಡಿರಲಿಲ್ಲ. ತುಂಡು ಮಾಡಿ ಕೊಡು ಎಂದು ಆಯಿಯೇ ಉಪಾಯ ಹೇಳಿದರು. ಮಿತಿ ಇದ್ದಷ್ಟು ಒತ್ತಿದೆ, ಹೋಯಿತು. ಪ್ರವಾಸದ ಖರ್ಚಿಗೆಂದು ಪೌಂಡು ತುಂಬಿಸಿಕೊಂಡಿದ್ದ ಇನ್ನೊಂದು ಕಾರ್ಡನ್ನೂ ಬರಿದು ಮಾಡಿದೆ. ಎರಡೂ ಸೇರಿ ಅರ್ಧ ಬೆಲೆ ಮುಟ್ಟಿತು. ಉಳಿದರ್ಧ ಕಾರ್ಡಿನ ಆಚೆಗೇ ನಿಂತಿತು. ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಬಹುದು, ಅದಕ್ಕೆ ಎರಡು ಮೂರು ದಿನ ಬೇಕು. ನಾಳೆ ಮಿತಿ ಹೊಸದಾಗುತ್ತದೆ, ಆದರೆ ನಾಳೆ ಶುಕ್ರವಾರ.

ಮಿತಿ ಏರಿಸಲು ಫೋನಿನಲ್ಲೇ ದಾರಿ ಇತ್ತು. ಒತ್ತಿದೆ. ನೋಂದಾಯಿಸಿದ ನಂಬರಿಗೆ ಓಟಿಪಿ ಕಳಿಸಿದ್ದೇವೆ ಎಂದು ಬಂತು. ಕೆಳಗೆ ಆ ನಂಬರಿನ ಕೊನೆಯ ಅಂಕಿಗಳಿದ್ದವು. ಅಣ್ಣನ ನಂಬರು.

ನಮ್ಮ ಸಿಮ್ಮಿಗೆ ಆ ಕಣಿವೆಯಲ್ಲಿ ರೇಂಜಿರಲಿಲ್ಲ. ಆಯಿಯ ಮನೆಯ ವೈಫೈಯಿಂದ ಸುನಂದಾಳಿಗೆ ವಾಟ್ಸಾಪ್ ಕಾಲ್ ಮಾಡಿದೆ. ಗೋಕಾಕದಲ್ಲಿ ಆಗ ಸಂಜೆ ನಾಲ್ಕೂವರೆ. ಅವಳು ಅಣ್ಣನಿಗೆ ಹಚ್ಚಿ ನೋಡಿ ತಿರುಗಿ ನನಗೆ ಮಾಡಿದಳು.

"ನಿಮ್ಮ ಅಣ್ಣಾರ ಫೋನು ಹತ್ತವಲ್ದರಿ. ಗುಡ್ಡದ ಮ್ಯಾಲ ಇರಬೇಕ. ಸಂಜಿಮುಂದ ಹತ್ತರಗಿ ಹೊಲಕ್ಕ ಇಳದ ಮ್ಯಾಲ ಸಿಗ್ತಾರ," ಎಂದಳು. "ಬ್ಯಾಂಕಿಗೆ ಹೋಗ್ಲೇನ್ರಿ?"

"ಬ್ಯಾಂಕ್ ಮುಚ್ಚಿರತೈತಿ," ಎಂದೆ.

"ಹಂಗಾರ ಕುಂದ್ರ್ರಿ ಗಪ್," ಎಂದಳು. ಅವಳ ಗ್ಯಾಸಿನ ಎರಡು ದಿನ ಅವಳು ಮರೆತಿರಲಿಲ್ಲ.

ಗಪ್ಪಾಗಿ ಕೂತೆ. ಆಯಿ ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಹಾಲು ಹಾಕಿದ ಚಹಾ ಕೊಟ್ಟರು. ಬ್ಯಾಂಕಿನ ಸಹಾಯವಾಣಿಗೆ ಶೆಡ್ಡಿನಲ್ಲೇ ಇದ್ದ ಅವರ ಲ್ಯಾಂಡ್‌ಲೈನಿನಿಂದ ಮಾಡಿದೆ. ಸಂಗೀತ ಕೇಳಿಸಿತು, ಮುಗಿಯಿತು, ಮತ್ತೆ ಶುರುವಾಯಿತು. ಕೊನೆಗೆ ಒಬ್ಬಾಕೆ ಬಂದು, ಓಟಿಪಿ ಇಲ್ಲದೆ ಏನೂ ಆಗುವುದಿಲ್ಲ ಸರ್ ಎಂದಳು. ಎರಡು ಗಂಟೆಯಾಯಿತು. ಹೋಟೆಲಿನ ಬಾಗಿಲಲ್ಲಿ ಬಣ್ಣ ಹೊಡೆಸಿಕೊಂಡು ನಿಂತ ಯಂತ್ರ ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಹತ್ತರಗಿಯ ಹೊಲದಲ್ಲಿ ಕೆಂಪು ಕುರಿಗಳು ಕಂಡವು. ಗಡಿಯಾರ ನೋಡಬೇಡ ಎಂದು ಆಯಿ ಹೇಳಿದರು. ಆದರೆ ಗಡಿಯಾರ ಯಂತ್ರದ ನೇರಕ್ಕೇ ಇತ್ತು.

ಲ್ಯಾಂಡ್‌ಲೈನು

ಎರಡು ಗಂಟೆ ಹತ್ತು ನಿಮಿಷಕ್ಕೆ, ಅಂದರೆ ನಮ್ಮ ಆರು ನಲವತ್ತಕ್ಕೆ, ಅಣ್ಣನ ಫೋನು ಹತ್ತಿತು. ಅವನ ಗುಂಡಿ ಫೋನಿಗೆ ವಾಟ್ಸಾಪ್ ಇಲ್ಲವಾದ್ದರಿಂದ ಆಯಿಯ ಲ್ಯಾಂಡ್‌ಲೈನಿನಿಂದಲೇ ಮಾಡಿದ್ದೆ. ಅತ್ತ ಕುರಿಗಳ ಗದ್ದಲ. ಅದು ಹಿಂಡು ಬಂದು ಮರಿಗಳನ್ನು ತಾಯಂದಿರಿಗೆ ಬಿಡುವ ಹೊತ್ತು.

"ಯಾರ್ರಿ?" ಎಂದ ಅಣ್ಣ.

"ಅಣ್ಣಾ, ನಾ ಮಾರುತಿ. ಇಂಗ್ಲೆಂಡ್ ಕಡಿಂದ ಮಾತಾಡಾಕತ್ತೇನಿ. ಈಗ ನಿನ್ನ ಫೋನಿಗೆ ಬ್ಯಾಂಕಿನ ಮೆಸೇಜ್ ಬರತೈತಿ. ಆರು ಅಂಕಿ ಇರ್ತಾವು. ಅವನ್ನ ಹೇಳು."

ಸ್ವಲ್ಪ ಹೊತ್ತು ಕುರಿಗಳೇ ಮಾತಾಡಿದವು.

"ಅದನ್ನ ಯಾರಿಗೂ ಹೇಳಬಾರ್ದು," ಎಂದ.

"ಹೊರಗಿನವ್ರಿಗೆ ಹೇಳಬಾರ್ದು, ಅಣ್ಣಾ. ನಾ ನಿನ್ನ ತಮ್ಮ."

"ಸ್ವಂತ ತಮ್ಮ ಕೇಳಿದ್ರೂ ಹೇಳಬ್ಯಾಡ ಅಂತ ಹುಕ್ಕೇರಿ ಬ್ಯಾಂಕಿನ ಸಾಹೇಬ್ರು ಹೇಳ್ಯಾರ. ಅವತ್ತ ಬಾಜೂಕ ಮಾರುತಿ ನಿಂತಿದ್ದ. ಅವನೂ ಹೂಂ ಅಂದಾನ."

ಹೌದು, ಅಂದಿದ್ದೆ. ಗೋಣು ಹಾಕಿ, ಸಾಹೇಬ್ರು ಖರೆ ಹೇಳಾಕತ್ತಾರ, ಲಕ್ಷ್ಯ ಇಟ್ಟು ಕೇಳು ಎಂದು ಮೇಲೆ ನಾನೂ ಒಂದು ಮಾತು ಸೇರಿಸಿದ್ದೆ.

"ಅಣ್ಣಾ, ನನ್ನ ದನಿ ಗುರ್ತ ಹತ್ತವಲ್ದೇನು?"

"ದನಿ ಮಾರುತಿದ ಐತಿ. ಆದ್ರ ಈಗ ದನಿನೂ ಕದೀತಾರಂತ. ಯಮಕನಮರಡ್ಯಾಗ ಸಾಲಿ ಮುಂದ ಪೊಲೀಸ್ರು ಬಂದು ಹೇಳ್ಯಾರ. ನಂಬರ್ ಬ್ಯಾರೆ ನಮ್ಮ ದೇಶದ್ದಲ್ಲ. ನೀ ಮಾರುತಿ ಇದ್ರೂ ಇರಬಹುದು, ಇಲ್ಲದಿದ್ರೂ ಇರಬಹುದು. ಸುನಂದಾನ್ನ ಕಳಸು. ಮುಖ ನೋಡಿ ಹೇಳ್ತೇನಿ."

ಗೋಕಾಕದಿಂದ ಹತ್ತರಗಿಗೆ ಬಸ್ಸು ಹಿಡಿದು ಅವಳು ಮುಟ್ಟುವಷ್ಟರಲ್ಲಿ ಇಲ್ಲಿ ಮೂರು ದಾಟಿ ಹೋಗಿರುತ್ತದೆ. ನಾನು ಗೋಡೆ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ ಕಳೆದಿತ್ತು. ಒಬ್ಬರು ಕೊಟ್ಟ ಮಾತು ಬಿಡುವುದಿಲ್ಲ, ಇನ್ನೊಬ್ಬರು ಕಲಿತ ಪಾಠ ಬಿಡುವುದಿಲ್ಲ. ಇಬ್ಬರ ನಡುವೆ ನಾನು ರಿಸೀವರು ಹಿಡಿದು ನಿಂತಿದ್ದೆ. ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನೂ ಬೈಯಲು ಕಾರಣವಿರಲಿಲ್ಲ.

"ಹಂಗಾರ ಮನಿ ಮಾತು ಏನರ ಕೇಳು," ಎಂದೆ. "ಕಳ್ಳಗ ಗೊತ್ತಿರಲಾರದ್ದು ಕೇಳು."

ಅಣ್ಣ ಯೋಚಿಸಿದ. "ಹಿಂಡಿನ ಮುಂದ ನಡಿಯು ಕುರಿ ಹೆಸರೇನು?"

"ಚುಕ್ಕಿ."

"ಚುಕ್ಕಿ ಸತ್ತು ಒಂಬತ್ತ ವರ್ಷ ಆತು."

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ದೊಡ್ಡ ಟಗರಿನ ಯಾ ಕಿವಿ ಸೀಳೈತಿ?" ಎಂದು ಇನ್ನೊಂದು ಕೇಳಿದ.

"ಎಡಗಡಿದು," ಎಂದೆ.

"ಎಡಗಡಿದೂ ಇಲ್ಲ, ಬಲಗಡಿದೂ ಇಲ್ಲ. ಆ ಟಗರು ಹ್ವಾದ ವರ್ಷ ತಂದದ್ದು."

ನಾನು ಮಾರುತಿಯೇ ಹೌದೋ ಅಲ್ಲವೋ ಎಂದು ನನಗೇ ಸಂಶಯ ಬರುವಂತಾಯಿತು. ಹಿಂಡಿನ ಸಲುವಾಗಿ ಸಮುದ್ರ ದಾಟಿ ಬಂದವನಿಗೆ ಹಿಂಡಿನ ಒಂದು ಕುರಿಯ ಹೆಸರೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನನಗಾದದ್ದು ನಾಚಿಕೆ. ಬೇರೆ ಹೆಸರು ಕೊಡಲು ಬರುವುದಿಲ್ಲ.

ಆಯಿ ಗಡಿಯಾರದತ್ತ ಕೈ ತೋರಿಸಿದರು. ಇಪ್ಪತ್ತೈದು ನಿಮಿಷ ಉಳಿದಿತ್ತು.

ಆಗ ಅಣ್ಣ ತಾನೇ ಹೇಳಿದ. "ಅಪ್ಪ ಸಂಜಿಮುಂದ ಕುರಿ ಕರೀತಿದ್ನಲ್ಲ. ಹಂಗ ಕರಿ."

ಕುರಿ ಕರೆಯುವ ಕೂಗು ಮನೆತನಕ್ಕೊಂದು ಇರುತ್ತದೆ. ನಮ್ಮ ಕುರಿ ಇನ್ನೊಬ್ಬರ ಕೂಗಿಗೆ ತಲೆ ಎತ್ತುವುದಿಲ್ಲ. ನಮ್ಮದು ನಾಲಿಗೆಯನ್ನು ನಡುಗಿಸಿ ಎಳೆಯುವ ಒಂದು ಉದ್ದ ದನಿ, ನಡುವೆ ಒಮ್ಮೆ ಕಡಿದು, ಆಮೇಲೆ ಗಂಟಲಿನಿಂದ ಎರಡು ಗಿಡ್ಡ ಕೂಗು. ಬರೆದರೆ ಇಷ್ಟೇ. ಕೂಗಿ ಬಹಳ ವರ್ಷವಾಗಿತ್ತು. ಬಾಯಿ ತೆರೆದರೆ ಮೊದಲ ಸಲ ಗಾಳಿಯಷ್ಟೇ ಹೊರಬಂತು. ಪಂಪ್‌ಸೆಟ್ಟಿನಲ್ಲಿ ಗಾಳಿ ಹಿಡಿದಾಗ ಹೀಗೇ ಆಗುತ್ತದೆ. ಒಂದು ಗುಟುಕು ಚಹಾ ಕುಡಿದೆ. ಪರವಾನಗಿ ಕೇಳುವ ಹಾಗೆ ಆಯಿಯ ಮುಖ ನೋಡಿದೆ. ಅವರಿಗೆ ಏನು ತಿಳಿಯಿತೋ, ತಲೆಯಾಡಿಸಿದರು. ಕಣ್ಣು ಮುಚ್ಚಿ ಕೂಗಿದೆ.

ತಗಡಿನ ಶೆಡ್ಡು ಗುಂಯ್ ಎಂದಿತು. ಮೇಜಿನ ಕೆಳಗಿದ್ದ ಮುದಿ ನಾಯಿ ಎದ್ದು ನಿಂತು, ಬಾಗಿಲವರೆಗೆ ಹೋಗಿ ಹೊರಗಿನ ಗುಡ್ಡ ನೋಡಿತು. 

"ಇನ್ನೊಮ್ಮಿ," ಎಂದ ಅಣ್ಣ. ಅವನ ದನಿ ದೂರವಾಗಿತ್ತು. ಫೋನನ್ನು ಕಿವಿಯಿಂದ ತೆಗೆದು, ಸ್ಪೀಕರ್ ಹಚ್ಚಿ ಹಿಂಡಿನ ಕಡೆ ಹಿಡಿದಿದ್ದಾನೆಂದು ತಿಳಿಯಿತು. ಇನ್ನೊಮ್ಮೆ ಕೂಗಿದೆ. ಈ ಸಲ ಎರಡು ಗಿಡ್ಡ ಕೂಗೂ ಸರಿಯಾಗಿ ಬಂದವು. ಅತ್ತ ಗದ್ದಲ ಒಮ್ಮೆಲೇ ನಿಂತಿತು. ಆಮೇಲೆ ಒಂದು ಕುರಿ ಒದರಿತು, ಅದರ ಹಿಂದೆ ಇನ್ನೊಂದು.

"ಬರಕೋ," ಎಂದ ಅಣ್ಣ.

ಆದರೆ ಮಾತಿನ ಶುರುವಿನಲ್ಲಿ ಕಳಿಸಿದ್ದ ಓಟಿಪಿಯ ಅವಧಿ ಆ ಹೊತ್ತಿಗೆ ಮುಗಿದಿತ್ತು. ಮತ್ತೊಂದು ಕಳಿಸಲು ಒತ್ತಿದೆ. ಅವನ ಫೋನಿನಲ್ಲಿ ಮಾತಾಡುತ್ತಲೇ ಮೆಸೇಜು ನೋಡಲು ಅವನಿಗೆ ಬರುವುದಿಲ್ಲ. ಇಟ್ಟು, ನೋಡಿ, ಬಾಯಿಪಾಠ ಮಾಡಿಕೊಂಡ. ನಾನು ಮತ್ತೆ ಹಚ್ಚಿದೆ. ಸಂಜೆ ಕುರಿಗಳನ್ನು ಜೋಡಿ ಜೋಡಿಯಾಗಿ ಎಣಿಸಿ ಒಳಗೆ ಬಿಡುವ ರಾಗದಲ್ಲೇ ಆರು ಅಂಕಿಗಳನ್ನು ಎರಡೆರಡಾಗಿ ಹೇಳಿದ. ಒತ್ತಿದೆ. ಮಿತಿ ಏರಿತು. ಕಾರ್ಡು ಹಾಕಿದೆ. ಮಷೀನು ಈ ಸಲ ಯೋಚಿಸಲೇ ಇಲ್ಲ.

ಮೂರಕ್ಕೆ ಏಳು ನಿಮಿಷವಿತ್ತು. ಅಲ್ಲೇ ಕೂತುಬಿಟ್ಟೆ. ಆಯಿ ತಮ್ಮ ಪರ್ಸಿನಿಂದ ಒಂದು ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ಅವರ ಕಡೆ ಕುರಿ ಮಾರಿದವರು ಕೊಂಡವರಿಗೆ ಒಳ್ಳೆಯದಾಗಲಿ ಎಂದು ಸ್ವಲ್ಪ ಹಣ ತಿರುಗಿ ಕೊಡುತ್ತಾರಂತೆ. ಸರಿಯಾಗಿ ಮೂರಕ್ಕೆ ಹೋಟೆಲಿನ ಮನುಷ್ಯ ಅಳತೆಯ ಟೇಪು ಹಿಡಿದು ಬಂದ. ಆಯಿ ಅವನಿಗೂ ಚಹಾ ಕೊಟ್ಟರು.

ಮತ್ತೆ ಮೂಡಲಗಿ, ಹತ್ತರಗಿ

ಯಂತ್ರ ಹಡಗಿನಲ್ಲಿ ಬಂತು. ಬರಲು ತಿಂಗಳುಗಳೇ ಹಿಡಿದವು, ಆ ಕಾಗದಪತ್ರದ ಕಥೆ ಬೇರೆಯೇ ಇದೆ. ಇಮಾಮಸಾಬ ಕಾಕಾನ ಪಡಸಾಲೆಯಲ್ಲಿ ಇಳಿಸಿ, ಬೇರಿಂಗು ಬದಲಿಸಿ, ಧೂಳು ಹೊರಗೆ ಎಳೆಯಲು ಫ್ಯಾನು ಕೂರಿಸಿದೆ. ಕಾಕಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೊದಲ ಹಿಡಿ ಉಣ್ಣೆ ಹಾಕಿದರು. ಇಳಿದ ಪದರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನನ್ನ ಬಿಲ್ಲಿಗಿಂತ ಚೊಲೋ ಐತಿ," ಎಂದರು. ಆ ಮಾತು ಹೇಳಲು ಅವರಿಗೆ ಸುಲಭವಾಗಿರಲಿಲ್ಲ ಎಂದು ನನಗೆ ಗೊತ್ತು.

ಹಿಂಜಿದ ಉಣ್ಣೆಯ ಒಂದು ಉಂಡೆ ಕಟ್ಟಿಕೊಂಡು ಹತ್ತರಗಿಗೆ ಹೋದೆ. ಜೇಬಿನಲ್ಲಿ ಬ್ಯಾಂಕಿನ ಫಾರ್ಮೂ ಇತ್ತು, ಖಾತೆಯ ಫೋನ್ ನಂಬರು ಬದಲಿಸುವುದು. ಅಣ್ಣನ ಸಹಿ ಬೇಕಾಗಿತ್ತು. ಹೈವೇ ಬಾಜೂಕಿನ ಹೊಲದಲ್ಲಿ ಕುರಿ ಮೇಯುತ್ತಿದ್ದವು, ಎಲ್ಲ ಕರಿಯವೇ. ಅಣ್ಣ ಉಣ್ಣೆಯನ್ನು ಬಿಡಿಸಿ, ಕೆನ್ನೆಗೆ ಒತ್ತಿ ನೋಡಿ, ಮಡಿಚಿ ಕಂಬಳಿಯೊಳಗೆ ಇಟ್ಟುಕೊಂಡ. ಆಯಿಯ ನಾಣ್ಯ ಅವನಿಗೇ ಕೊಟ್ಟೆ. ಎಲೆ ಅಡಿಕೆಯ ಚೀಲಕ್ಕೆ ಸೇರಿಸಿದ. ಕೆಂಪು ಕುರಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಹಳ ದಿನದಿಂದ ಒಂದು ಪ್ರಶ್ನೆ ನನ್ನ ತಲೆಯಲ್ಲಿತ್ತು. ಕೇಳಿದೆ. "ಅಣ್ಣಾ, ದನಿ ಕದಿಯೋರು ಕೂಗು ಕದಿಯೂದಿಲ್ಲೇನು? ಅವತ್ತ ಕೂಗು ಕೇಳಿ ಹ್ಯಾಂಗ ನಂಬಿದಿ?"

ಅಣ್ಣ ಕುರಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

"ನಿನ್ನ ಮಾತು ದಿನಾ ಫೋನಿನ್ಯಾಗ ಓಡ್ಯಾಡ್ತೈತಿ. ಯಾರರ ಕದೀಬಹುದು," ಎಂದ. "ಆ ಕೂಗು ನೀ ಕೂಗಿ ಇಪ್ಪತ್ತ ವರ್ಷ ಆತು. ಕಳ್ಳಗ ಎಲ್ಲಿ ಸಿಗಬೇಕ ಅದು?"

ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ. ನಾನು ಜೇಬಿನ ಫಾರ್ಮನ್ನು ಹೊರಗೆ ತೆಗೆಯಲಿಲ್ಲ.

ಅಷ್ಟರಲ್ಲಿ ನಾಲ್ಕೈದು ಕುರಿಗಳು ಹೈವೇ ಕಡೆ ಮುಖ ಮಾಡಿದವು. ಅಣ್ಣ ಏಳಲು ಕೋಲು ಊರಿದವನು ಮತ್ತೆ ಕೂತ.

"ಈಗ ಮುಂದ ನಡಿಯೂದು ಗೌರಿ," ಎಂದ. "ಕರಿ ಅದನ್ನ."

ಎದ್ದು ನಿಂತು ಕೂಗಿದೆ. ಗೌರಿ ತಲೆ ಎತ್ತಿ, ಯಾರು ಎಂದು ಒಂದು ಗಳಿಗೆ ನೋಡಿತು. ಎರಡನೆಯ ಕೂಗಿಗೆ ತಿರುಗಿತು.